ವ್ಯಕ್ತಿಗೆ ಬಿಗಿದ ನಿಷ್ಠೆ: ಹಿಟ್ಲರನ ಜರ್ಮನಿಯಲ್ಲಿ ಪ್ರಮಾಣವಚನ

ರಾಜ್ಯದ ಸೇವೆಗೆ ಸೇರುವವನು ಮಾಡುವ ಪ್ರಮಾಣದಲ್ಲಿ ಮೂರು ಸ್ಥಾನಗಳಿರುತ್ತವೆ. ಪ್ರಮಾಣ ಮಾಡುವವನು ಮೊದಲನೆಯವನು. ಆತ ಯಾವುದಕ್ಕೆ ನಿಷ್ಠನಾಗಿರುವುದಾಗಿ ಮಾತು ಕೊಡುತ್ತಾನೋ ಅದು ಎರಡನೆಯದು. ಆ ಮಾತಿಗೆ ಸಾಕ್ಷಿಯಾಗಿ ನಿಲ್ಲುವ ದೇವರು ಅಥವಾ ಅವನದೇ ಅಂತಃಸಾಕ್ಷಿ ಮೂರನೆಯದು. ಭಾರತದ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳು, ಶಾಸಕರು, ನ್ಯಾಯಾಧೀಶರು ಸ್ವೀಕರಿಸಬೇಕಾದ ಪ್ರಮಾಣವಚನಗಳ ಪಾಠವಿದ್ದು, ಅವುಗಳ ಎರಡನೆಯ ಸ್ಥಾನದಲ್ಲಿ ಕಾನೂನಿನ ಮೂಲಕ ಸ್ಥಾಪಿತವಾದ ಸಂವಿಧಾನವಿದೆಯೇ ಹೊರತು ಯಾವ ಮನುಷ್ಯನ ಹೆಸರೂ ಇಲ್ಲ. ಹಾಗಿರುವುದರಿಂದಲೇ, ಮೇಲಿನಿಂದ ಬಂದ ಆಜ್ಞೆಯೊಂದು ಆ ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ಕೇಳಿಕೊಳ್ಳುವ ಅವಕಾಶ ಪ್ರಮಾಣ ಮಾಡಿದವನಿಗೆ ಉಳಿದಿರುತ್ತದೆ. ಕೇಳಿಕೊಳ್ಳುವುದು ಅವನ ನಿಷ್ಠೆಯ ಭಾಗವೇ ಆಗಿರುತ್ತದೆ. ಆ ಸ್ಥಾನದಲ್ಲಿ ಬದುಕಿರುವ ಒಬ್ಬನನ್ನು ಹೆಸರು ಹಿಡಿದು ಕೂರಿಸಿದ ಕೂಡಲೇ ಆಜ್ಞೆ ಕೊಡುವವನೂ ಆಜ್ಞೆಯ ಸರಿತಪ್ಪನ್ನು ಅಳೆಯುವ ಮಾನದಂಡವೂ ಒಂದೇ ಆಗಿಬಿಡುತ್ತವೆ. 1934ರ ಆಗಸ್ಟ್ 2ರಂದು ಜರ್ಮನಿಯ ಸೈನ್ಯದಲ್ಲಿ ನಡೆದದ್ದು ಈ ಬದಲಾವಣೆ. ಅದರ ಬೆಲೆ ತೆತ್ತವರಲ್ಲಿ ಕೊಟ್ಟ ಮಾತನ್ನು ಹಗುರವಾಗಿ ಕಾಣುತ್ತಿದ್ದವರಿಗಿಂತ ಅದಕ್ಕೆ ಬೆಲೆ ಕೊಡುತ್ತಿದ್ದವರೇ ಹೆಚ್ಚು ಎಂಬುದು ಈ ಉಪನ್ಯಾಸದ ಮುಖ್ಯ ಪ್ರತಿಪಾದನೆ.

ವ್ಯಕ್ತಿಗೆ ನಿಷ್ಠೆಯ ಪ್ರಮಾಣ ಮಾಡುವುದು ಜರ್ಮನ್ ಸೈನಿಕರಿಗೆ ಹೊಸದಾಗಿರಲಿಲ್ಲ. 1918ರವರೆಗೆ ಪ್ರಷ್ಯದ ಸೈನಿಕ ಪ್ರಷ್ಯದ ದೊರೆಗೆ, ಬವೇರಿಯದ ಸೈನಿಕ ಬವೇರಿಯದ ದೊರೆಗೆ ಪ್ರಮಾಣ ಮಾಡುತ್ತಿದ್ದ. ಆದ್ದರಿಂದ 1934ರ ಪ್ರಮಾಣವನ್ನು ಹಳೆಯ ಸಂಪ್ರದಾಯದ ಮರಳುವಿಕೆ ಎಂದು ಅನೇಕ ಅಧಿಕಾರಿಗಳು ನಂಬಿದರು, ಯುದ್ಧದ ನಂತರವೂ ಹಾಗೆಯೇ ವಾದಿಸಿದರು. ಈ ವಾದ ಮೇಲ್ನೋಟಕ್ಕೆ ಸರಿಯೆನಿಸಿದರೂ ನಿಲ್ಲುವಂಥದ್ದಲ್ಲ. ಸೈನಿಕ ಯಾವ ದೊರೆಗೆ ಮಾತು ಕೊಡುತ್ತಿದ್ದನೋ ಆ ಪ್ರಷ್ಯದ ದೊರೆಯೇ 1850ರ ಸಂವಿಧಾನದ ಪ್ರಕಾರ ಶಾಸನಸಭೆಯ ಎರಡೂ ಸದನಗಳ ಎದುರು ಸಂವಿಧಾನವನ್ನು ಪಾಲಿಸುವ ಪ್ರಮಾಣ ಮಾಡಬೇಕಿತ್ತು. ಅಂದರೆ ಸೈನಿಕನ ನಿಷ್ಠೆ ಹೋಗಿ ಸೇರುತ್ತಿದ್ದುದು ತಾನೂ ಒಂದು ಮಾತಿಗೆ ಕಟ್ಟುಬಿದ್ದವನಲ್ಲಿಗೆ. ಆ ಪ್ರಮಾಣದಿಂದ ಹೊರಬರುವ ದಾರಿಯೂ ಇತ್ತು. ಮೊದಲನೆಯ ಮಹಾಯುದ್ಧದಲ್ಲಿ ಸೋತ, ಪ್ರಷ್ಯದ ದೊರೆಯೂ ಜರ್ಮನ್ ಚಕ್ರವರ್ತಿಯೂ ಆಗಿದ್ದ ಕೈಸರ್ ಎರಡನೆಯ ವಿಲ್‌ಹೆಲ್ಮ್ 1918ರ ನವೆಂಬರ್ 28ರಂದು ಹಾಲೆಂಡಿನ ಅಮೆರೊಂಗೆನ್‌ನಲ್ಲಿ ಸಿಂಹಾಸನತ್ಯಾಗದ ಪತ್ರಕ್ಕೆ ಸಹಿ ಹಾಕಿದಾಗ, ತನಗೆ ಪ್ರಮಾಣ ಮಾಡಿದ್ದ ಅಧಿಕಾರಿಗಳನ್ನೂ ಸೈನಿಕರನ್ನೂ ಆ ಬಂಧನದಿಂದ ಬಿಡಿಸಿರುವುದಾಗಿ ಅದೇ ಪತ್ರದಲ್ಲಿ ಬರೆದ. ಮಾತು ಪಡೆದವನೇ ಮಾತನ್ನು ಹಿಂದಿರುಗಿಸಿದ.

ಆ ಸೋಲಿನ ನಂತರ ಹುಟ್ಟಿದ, ಸಂವಿಧಾನ ರೂಪುಗೊಂಡ ಊರಿನಿಂದಾಗಿ ವೈಮಾರ್ ಗಣರಾಜ್ಯವೆಂದು ಹೆಸರಾದ ಗಣರಾಜ್ಯ 1919ರಲ್ಲಿ ಪ್ರಮಾಣದ ಎರಡನೆಯ ಸ್ಥಾನವನ್ನು ಸಂವಿಧಾನಕ್ಕೆ ಕೊಟ್ಟಿತು. ಸೈನಿಕರು ಅಧ್ಯಕ್ಷನಿಗೆ ವಿಧೇಯರಾಗಿರುವುದಾಗಿ ಹೇಳುತ್ತಿದ್ದರೂ ಅಧ್ಯಕ್ಷನ ಹೆಸರು ಅಲ್ಲಿ ಬರುತ್ತಿರಲಿಲ್ಲ. ಹುದ್ದೆ ಮಾತ್ರ ಬರುತ್ತಿತ್ತು, ಅದೂ ಸಂವಿಧಾನದ ನಂತರ. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದಾಗ ಅಧ್ಯಕ್ಷ ಹಿಂಡನ್‌ಬುರ್ಗ್ ಎದುರು ಪ್ರಮಾಣ ಮಾಡಿದ್ದು ಈ ಸಂವಿಧಾನವನ್ನೂ ಕಾನೂನುಗಳನ್ನೂ ಕಾಪಾಡುವುದಾಗಿಯೇ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೈನಿಕರ ಪ್ರಮಾಣದಿಂದ ಸಂವಿಧಾನವನ್ನು ಸದ್ದಿಲ್ಲದೆ ತೆಗೆದು, ಜನತೆಗೂ ಪಿತೃಭೂಮಿಗೂ ಸೇವೆ ಸಲ್ಲಿಸುವ ಮಾತನ್ನು ಸೇರಿಸಲಾಯಿತು. ಈ ಮಧ್ಯದ ಹೆಜ್ಜೆಯನ್ನು ಚರಿತ್ರೆಯ ಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಹೋಗುವುದುಂಟು. ಆದರೆ ಮುಂದಿನದಕ್ಕೆ ನೆಲ ಹದವಾದದ್ದು ಇಲ್ಲಿ. ಜನತೆ, ಪಿತೃಭೂಮಿ ಎಂಬವು ತಾವಾಗಿ ಮಾತಾಡಲಾರವು. ಅವುಗಳ ಪರವಾಗಿ ಮಾತಾಡಲು ಯಾರಾದರೂ ಬೇಕಾಗುತ್ತದೆ, ಹಾಗೆ ಮಾತಾಡುವ ಹಕ್ಕು ತನ್ನೊಬ್ಬನದೆಂದು ಹೇಳಿಕೊಳ್ಳುವವನು ಆಗಲೇ ಅಧಿಕಾರದಲ್ಲಿದ್ದ.

1934ರ ಆಗಸ್ಟ್ 2ರ ಬೆಳಿಗ್ಗೆ 9 ಗಂಟೆಗೆ, ಪೂರ್ವ ಪ್ರಷ್ಯದ ನಾಯ್‌ಡೆಕ್ ಎಸ್ಟೇಟಿನಲ್ಲಿ, 86 ವರ್ಷದ ಹಿಂಡನ್‌ಬುರ್ಗ್ ತೀರಿಕೊಂಡ. ಅಧ್ಯಕ್ಷ ಮತ್ತು ಚಾನ್ಸಲರ್ ಹುದ್ದೆಗಳನ್ನು ಒಂದುಗೂಡಿಸುವ ಕಾನೂನನ್ನು ಮಂತ್ರಿಮಂಡಲ ಹಿಂದಿನ ದಿನವೇ, ಮುದುಕನ ಉಸಿರಿರುವಾಗಲೇ, ಒಪ್ಪಿಕೊಂಡಿತ್ತು. ಮರಣದ ಸುದ್ದಿ ಬಂದ ದಿನವೇ ರಕ್ಷಣಾ ಮಂತ್ರಿ ಜನರಲ್ ವೆರ್ನರ್ ಫಾನ್ ಬ್ಲೋಮ್‌ಬೆರ್ಗ್ ಹೊರಡಿಸಿದ ಆಜ್ಞೆಯಂತೆ ಸೇನಾಠಾಣೆಗಳಲ್ಲಿ ಪಡೆಗಳು ಸಾಲುಗಟ್ಟಿದವು. ಅಧಿಕಾರಿಯೊಬ್ಬ ವಾಕ್ಯವನ್ನು ತುಂಡುತುಂಡಾಗಿ ಓದಿದ. ಸೈನಿಕರು ಬಲಗೈ ಎತ್ತಿ ಅದನ್ನು ಹಾಗೆಯೇ ಹೇಳಿದರು. ತಾವು ಏನನ್ನು ಹೇಳಲಿದ್ದೇವೆಂಬುದು ಬಹುಮಂದಿಗೆ ತಮ್ಮ ಬಾಯಿಂದಲೇ ತಿಳಿಯಿತು. ದೇವರ ಮೇಲಿನ ಪವಿತ್ರ ಪ್ರಮಾಣವಾಗಿ, ಜರ್ಮನ್ ರಾಜ್ಯದ ಮತ್ತು ಜನತೆಯ ನಾಯಕನೂ ಸೇನೆಯ ಮಹಾದಂಡನಾಯಕನೂ ಆದ ಅಡಾಲ್ಫ್ ಹಿಟ್ಲರನಿಗೆ ಷರತ್ತಿಲ್ಲದ ವಿಧೇಯತೆ ತೋರುವುದಾಗಿಯೂ, ಈ ಪ್ರಮಾಣಕ್ಕಾಗಿ ಯಾವ ಹೊತ್ತಿನಲ್ಲೂ ಪ್ರಾಣವನ್ನೊಡ್ಡಲು ಸಿದ್ಧನಿರುವುದಾಗಿಯೂ ಪ್ರತಿಯೊಬ್ಬನೂ ಒಪ್ಪಿಕೊಂಡ. ಹಳೆಯ ಪ್ರಮಾಣಗಳಿಂದ ಇದನ್ನು ಬೇರ್ಪಡಿಸುವ ಅಂಶಗಳು ಎರಡು. ಹುದ್ದೆಯ ಜೊತೆಗೆ ಹುದ್ದೆಯಲ್ಲಿರುವವನ ಹೆಸರನ್ನೇ ಹೇಳಿಸಿದ್ದು ಒಂದು. ವಿಧೇಯತೆಗೆ ಯಾವ ಎಲ್ಲೆಯೂ ಇಲ್ಲವೆಂದು ಸ್ಪಷ್ಟವಾಗಿ ನುಡಿಸಿದ್ದು, ಅದಕ್ಕೆ ಎದುರಾಗಿ ನಾಯಕ ತನ್ನ ಕಡೆಯಿಂದ ಯಾವ ಮಾತನ್ನೂ ಕೊಡದಿದ್ದದ್ದು ಇನ್ನೊಂದು.

ಅಂದು ಆ ಪ್ರಮಾಣಕ್ಕೆ ಕಾನೂನಿನ ಆಧಾರವೂ ಇರಲಿಲ್ಲ. ಜಾರಿಯಲ್ಲಿದ್ದದ್ದು ಹಿಂದಿನ ಡಿಸೆಂಬರ್‌ನ ಪಾಠ. ಅದನ್ನು ಬದಲಿಸುವ ಅಧಿಕಾರ ಮಂತ್ರಿಯೊಬ್ಬನ ಆಜ್ಞೆಗೆ ಇರಲಿಲ್ಲ. ಆಗಸ್ಟ್ 19ರಂದು ಜನಮತಗಣನೆ ನಡೆದು, ಚಲಾವಣೆಯಾದ ಮತಗಳಲ್ಲಿ ಶೇ. 90ರಷ್ಟು ಹಿಟ್ಲರನ ಪರವಾಗಿ ಬಿದ್ದವೆಂದು ಘೋಷಿಸಿದ ಮಾರನೆಯ ದಿನ, ಅಂದರೆ 20ರಂದು, ಸೈನಿಕರ ಮತ್ತು ಸರಕಾರಿ ನೌಕರರ ಪ್ರಮಾಣದ ಕಾನೂನು ಬಂತು. ಆಗಿಹೋದದ್ದಕ್ಕೆ ಹಿಂದಿನಿಂದ ಮುದ್ರೆ ಬಿತ್ತು.

ಈ ಪ್ರಮಾಣದ ಪಾಠವನ್ನು ಹಿಟ್ಲರ್ ಬಲವಂತದಿಂದ ಸೈನ್ಯದ ಮೇಲೆ ಹೇರಲಿಲ್ಲವೆಂಬುದು ಅಧ್ಯಯನಕಾರರನ್ನು ಇಂದಿಗೂ ಕಾಡುವ ಸಂಗತಿ. ಅದನ್ನು ಸಿದ್ಧಪಡಿಸಿದ್ದು ರಕ್ಷಣಾ ಮಂತ್ರಾಲಯವೇ. ರಚನೆಯಲ್ಲಿ ಮುಖ್ಯ ಪಾತ್ರ ಬ್ಲೋಮ್‌ಬೆರ್ಗ್‌ನ ಆಪ್ತನಾಗಿದ್ದ ಜನರಲ್ ವಾಲ್ಟರ್ ಫಾನ್ ರೈಶೆನಾವ್‌ನದು. ಅವರ ಲೆಕ್ಕಾಚಾರಕ್ಕೆ ಹಿನ್ನೆಲೆಯಾಗಿದ್ದದ್ದು ಎಸ್.ಎ. ಎಂಬ ನಾಜಿ ಪಕ್ಷದ ದಂಡು. ವರ್ಸೇಲ್ಸ್ ಒಪ್ಪಂದ ಸೈನ್ಯವನ್ನು ಒಂದು ಲಕ್ಷಕ್ಕೆ ಮಿತಿಗೊಳಿಸಿದ್ದರೆ ಎಸ್.ಎ.ಯ ಸದಸ್ಯರು ಹತ್ತಾರು ಲಕ್ಷಗಳಷ್ಟಿದ್ದರು, ಅದರ ಮುಖ್ಯಸ್ಥ ಎರ್ನ್ಸ್ಟ್ ರ‍್ಯೋಮ್ ಸೈನ್ಯವನ್ನು ತನ್ನ ದಂಡಿನೊಳಗೆ ಕರಗಿಸಿಕೊಳ್ಳುವ ಮಾತಾಡುತ್ತಿದ್ದ. 1934ರ ಜೂನ್ 30ರಂದು ಶುರುವಾದ ಕೊಲೆಗಳಲ್ಲಿ ಹಿಟ್ಲರ್ ರ‍್ಯೋಮ್ ಮತ್ತು ಅವನ ಸಂಗಡಿಗರನ್ನು ವಿಚಾರಣೆಯಿಲ್ಲದೆ ಕೊಲ್ಲಿಸಿದಾಗ ಸೈನ್ಯದ ಮೇಲಧಿಕಾರಿಗಳು ನಿಟ್ಟುಸಿರು ಬಿಟ್ಟರು. ಅದೇ ಕೊಲೆಗಳ ಸರಣಿಯಲ್ಲಿ ತಮ್ಮವರೇ ಆದ ಜನರಲ್ ಶ್ಲೈಶರ್ ಮತ್ತು ಜನರಲ್ ಬ್ರೆಡೊ ಸತ್ತದ್ದನ್ನೂ ನುಂಗಿಕೊಂಡರು. ನಾಯಕನನ್ನು ನೇರವಾದ ಪ್ರಮಾಣದಿಂದ ಸೈನ್ಯಕ್ಕೆ ಹತ್ತಿರವಾಗಿಸಿದರೆ ಪಕ್ಷದ ಹಿಡಿತ ಸಡಿಲವಾಗುತ್ತದೆ ಎಂಬುದು ಬ್ಲೋಮ್‌ಬೆರ್ಗ್ ಬಳಗದ ಎಣಿಕೆಯಾಗಿತ್ತು. ಆಗಸ್ಟ್ 20ರಂದು ಹಿಟ್ಲರ್ ಬ್ಲೋಮ್‌ಬೆರ್ಗ್‌ಗೆ ಬರೆದ ಧನ್ಯವಾದದ ಪತ್ರದಲ್ಲಿ, ರಾಷ್ಟ್ರದ ಏಕೈಕ ಆಯುಧಧಾರಿಯಾಗಿ ಸೈನ್ಯದ ಅಸ್ತಿತ್ವವನ್ನು ಕಾಯುವುದು ತನ್ನ ಕರ್ತವ್ಯವೆಂದು ಒಪ್ಪಿಕೊಂಡ. ಪತ್ರಕ್ಕೂ ಪ್ರಮಾಣಕ್ಕೂ ಇರುವ ಅಂತರ ಆ ಜನರಲ್‌ಗಳಿಗೆ ಅಂದು ಕಾಣಬೇಕಿತ್ತು. ಸೈನ್ಯ ದೇವರ ಸಾಕ್ಷಿಯಾಗಿ ತನ್ನನ್ನು ಒಪ್ಪಿಸಿಕೊಂಡಿತ್ತು. ಎದುರಿನವನು ಕೊಟ್ಟದ್ದು ಒಂದು ಕಾಗದ. ಎಸ್.ಎಸ್. ಎಂಬ ಇನ್ನೊಂದು ದಂಡು ಕೆಲವೇ ವರ್ಷಗಳಲ್ಲಿ ಸ್ವಂತ ಪಡೆಗಳನ್ನು ಬೆಳೆಸಿಕೊಂಡಿತು, ಬ್ಲೋಮ್‌ಬೆರ್ಗ್ 1938ರ ಆರಂಭದಲ್ಲಿ ಹುದ್ದೆ ಕಳೆದುಕೊಂಡ.

1934ರ ಆಗಸ್ಟ್ 2ರಂದು ಪ್ರಮುಖ ಸೇನಾಧಿಕಾರಿಗಳಲ್ಲಿ ಒಬ್ಬರೂ ಬಹಿರಂಗವಾಗಿ ನಿರಾಕರಿಸಲಿಲ್ಲ. ಮುಂದೆ ಹಿಟ್ಲರನ ವಿರುದ್ಧದ ಸಂಚಿನ ಹಿರಿಯರಾದ ಜನರಲ್ ಲುಡ್ವಿಗ್ ಬೆಕ್ ಆ ದಿನವನ್ನು ತಮ್ಮ ಬದುಕಿನ ಅತ್ಯಂತ ಕರಾಳ ದಿನವೆಂದು ಆಪ್ತರಲ್ಲಿ ಹೇಳಿಕೊಂಡರೆಂದು ದಾಖಲಾಗಿದೆ. ಆದರೆ ಬೆಕ್ ಕೂಡ ಪ್ರಮಾಣ ಮಾಡಿದವರೇ. ಅವರು ಹುದ್ದೆ ಬಿಟ್ಟದ್ದು ನಾಲ್ಕು ವರ್ಷಗಳ ನಂತರ, ಚೆಕೊಸ್ಲೊವಾಕಿಯದ ಮೇಲಿನ ಯುದ್ಧದ ಯೋಜನೆಯನ್ನು ವಿರೋಧಿಸಿ. ಅಂತಹವರನ್ನು ಈ ದೂರದಲ್ಲಿ ಕುಳಿತು ಹೇಡಿಗಳೆಂದು ಕರೆಯುವುದು ನ್ಯಾಯವಾಗದು. ಆದರೂ ಒಂದು ಸಂಗತಿಯನ್ನು ಹೇಳಲೇಬೇಕಾಗುತ್ತದೆ: ಪ್ರಮಾಣವನ್ನು ಒಡೆಯಲು ಮುಂದೆ ಹತ್ತು ವರ್ಷ ತೊಳಲಿದವರಿಗೆ, ಅದನ್ನು ಮಾಡದೆ ಉಳಿಯಲು ಇದ್ದದ್ದು ಆ ಒಂದು ಮಧ್ಯಾಹ್ನ ಮಾತ್ರ.

ಸರಕಾರಿ ನೌಕರರ ಪ್ರಮಾಣ ಸೈನಿಕರದಕ್ಕಿಂತ ಸ್ವಲ್ಪ ಸೌಮ್ಯವಾಗಿತ್ತು. ಹಿಟ್ಲರನಿಗೆ ನಿಷ್ಠೆ ಮತ್ತು ವಿಧೇಯತೆಯ ಜೊತೆಗೆ ಕಾನೂನುಗಳ ಪಾಲನೆಯ ಮಾತೂ ಅದರಲ್ಲಿತ್ತು. ನ್ಯಾಯಾಧೀಶರು, ಶಿಕ್ಷಕರು, ಅಂಚೆ ನೌಕರರು, ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಎಲ್ಲರಿಗೂ ಅದು ಕಡ್ಡಾಯ. ಬಾನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸ್ವಿಟ್ಜರ್ಲೆಂಡಿನ ಕಾರ್ಲ್ ಬಾರ್ಟ್ ಪ್ರಮಾಣವನ್ನೇ ಬೇಡವೆನ್ನಲಿಲ್ಲ. ಕ್ರೈಸ್ತನಾಗಿ ತನಗೆ ಹೊಣೆಯರಿತು ಸಾಧ್ಯವಾಗುವ ಮಟ್ಟಿಗೆ ಎಂಬ ಒಂದು ಮಾತನ್ನು ಸೇರಿಸಿಕೊಳ್ಳಲು ಅನುಮತಿ ಕೇಳಿದರು. ಅಷ್ಟಕ್ಕೆ ಅವರನ್ನು ಬೋಧನೆಯಿಂದ ಅಮಾನತುಗೊಳಿಸಿ, ಶಿಸ್ತುಕ್ರಮ ನಡೆಸಿ, 1935ರಲ್ಲಿ ಕಡ್ಡಾಯವಾಗಿ ನಿವೃತ್ತಿಗೊಳಿಸಲಾಯಿತು. ಅವರು ಬಾಸೆಲ್‌ಗೆ ಹಿಂದಿರುಗಿದರು. ಎಲ್ಲೆಯೊಂದನ್ನು ಸೂಚಿಸುವ ಕಿರುವಾಕ್ಯವನ್ನೂ ಪ್ರಭುತ್ವ ಸಹಿಸಲಿಲ್ಲವೆಂದರೆ, ಆ ಪ್ರಮಾಣದ ಉದ್ದೇಶ ವಿಧೇಯತೆಗಿಂತಲೂ ಎಲ್ಲೆಯನ್ನು ಅಳಿಸಿಹಾಕುವುದೇ ಆಗಿತ್ತೆಂದು ತಿಳಿಯಬೇಕು. ಮ್ಯೂನ್ಶೆನ್‌ಗ್ಲಾಡ್‌ಬಾಕ್‌ನಲ್ಲಿ ಸರಕಾರಿ ಅಭಿಯೋಜನೆಯ ಸೇವೆಯಲ್ಲಿದ್ದ 29 ವರ್ಷದ ನ್ಯಾಯವಾದಿ ಮಾರ್ಟಿನ್ ಗೌಗರ್ ಬಾರ್ಟ್‌ಗಿಂತ ನೇರವಾಗಿ ನಡೆದುಕೊಂಡರು. ಒಬ್ಬ ವ್ಯಕ್ತಿಗೆ ಎಲ್ಲೆಯಿಲ್ಲದ ನಿಷ್ಠೆಯ ಪ್ರಮಾಣ ಮಾಡುವುದು ತಮ್ಮಿಂದಾಗದು ಎಂದು ತಿಳಿಸಿ ಸೇವೆಯನ್ನು ಕಳೆದುಕೊಂಡರು. ಆರು ವರ್ಷಗಳ ಮೇಲೆ ಸೈನ್ಯಕ್ಕೆ ಕರೆ ಬಂದಾಗಲೂ ಒಪ್ಪದೆ, ರೈನ್ ನದಿಯನ್ನು ಈಜಿ ನೆದರ್ಲೆಂಡ್ಸ್ ಸೇರಿದರು. ಆಗಲೇ ಅಲ್ಲಿಗೂ ಜರ್ಮನ್ ಪಡೆಗಳು ನುಗ್ಗಿದ್ದವು. ಸೆರೆಸಿಕ್ಕ ಗೌಗರ್ ಅವರನ್ನು ಬುಖೆನ್‌ವಾಲ್ಡ್ ಶಿಬಿರಕ್ಕೂ, 1941ರಲ್ಲಿ ಅಲ್ಲಿಂದ ಪಿರ್ನಾದ ಸೋನೆನ್‌ಶ್ಟೈನ್ ವಧಾಸ್ಥಾನಕ್ಕೂ ಒಯ್ದು ಕೊಲ್ಲಲಾಯಿತು.

1934ರ ಪ್ರಮಾಣಕ್ಕೆ ಮೂರು ವರ್ಷ ಮೊದಲು ಇಟಲಿಯಲ್ಲಿ ಅದರ ಪೂರ್ವರೂಪ ನಡೆದಿತ್ತು. 1931ರ ಆಗಸ್ಟ್‌ನ ಆಜ್ಞೆಯಂತೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ದೊರೆಗೂ ಫ್ಯಾಸಿಸ್ಟ್ ಆಡಳಿತಕ್ಕೂ ನಿಷ್ಠರಾಗಿರುವ ಪ್ರಮಾಣ ಮಾಡಬೇಕಾಯಿತು. ಸುಮಾರು 1,200 ಮಂದಿಯಲ್ಲಿ ಒಪ್ಪದವರು ಹನ್ನೆರಡು ಮಂದಿಯಷ್ಟೇ. ಗಣಿತಜ್ಞ ವಿಟೊ ವೊಲ್ಟೆರಾ, ಪ್ರಾಚೀನ ಚರಿತ್ರೆಯ ವಿದ್ವಾಂಸ ಗಾಯೆತಾನೊ ದೆ ಸಾಂಕ್ಟಿಸ್, ದಾರ್ಶನಿಕ ಪಿಯೆರೊ ಮಾರ್ಟಿನೆಟ್ಟಿ ಅವರಲ್ಲಿದ್ದರು. ಉಳಿದವರಲ್ಲಿ ಫ್ಯಾಸಿಸಂ ವಿರೋಧಿಗಳೂ ಅನೇಕರಿದ್ದು, ತರಗತಿಗಳನ್ನು ಫ್ಯಾಸಿಸ್ಟರಿಗೆ ಬಿಟ್ಟುಕೊಡಬಾರದೆಂಬ ಕಾರಣಕ್ಕೆ ಸಹಿ ಹಾಕಿದರು. ಆ ಕಾರಣದಲ್ಲಿ ಸತ್ಯವಿಲ್ಲದಿಲ್ಲ. ಆದರೆ ಒಲ್ಲದ ಮನಸ್ಸಿನ ಸಹಿಯೂ ಎಣಿಕೆಗೆ ಸಿಗುವುದು ಸಹಿಯಾಗಿಯೇ.

ಕೇಳದಿದ್ದರೂ ಪ್ರಮಾಣ ಒಪ್ಪಿಸಲು ಮುಂದಾದ ಸಂಸ್ಥೆಯೂ ಜರ್ಮನಿಯಲ್ಲಿತ್ತು. 1938ರ ಮಾರ್ಚ್‌ನಲ್ಲಿ ಆಸ್ಟ್ರಿಯ ಜರ್ಮನಿಗೆ ಸೇರಿದ ಸಂಭ್ರಮದಲ್ಲಿ, ಪ್ರೊಟೆಸ್ಟೆಂಟ್ ಚರ್ಚಿನ ಆಡಳಿತ ಕಚೇರಿಯ ಮುಖ್ಯಸ್ಥನಾಗಿದ್ದ ವಕೀಲ ಫ್ರೀಡ್ರಿಶ್ ವೆರ್ನರ್, ಏಪ್ರಿಲ್ 20ರ ಹಿಟ್ಲರನ ಹುಟ್ಟುಹಬ್ಬಕ್ಕೆ ಕಾಣಿಕೆಯೆಂಬಂತೆ, ಪಾದ್ರಿಗಳೆಲ್ಲರೂ ನಾಯಕನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಆದೇಶಿಸಿದ. ನಾಜಿಗಳ ಹಸ್ತಕ್ಷೇಪವನ್ನು ವಿರೋಧಿಸಿ ನಿಂತಿದ್ದ ಕನ್ಫೆಸಿಂಗ್ ಚರ್ಚ್ ಎಂಬ ಬಣದೊಳಗೆ ತಿಂಗಳುಗಟ್ಟಲೆ ಚರ್ಚೆ ನಡೆಯಿತು; ಪ್ರಮಾಣ ಮಾಡುವುದಾದರೆ ಯಾವ ವಿವರಣೆಯೊಡನೆ, ಯಾರು ಕೇಳಿದಾಗ ಎಂಬ ಸೂಕ್ಷ್ಮಗಳಲ್ಲಿ ಸಭೆಗಳು ಮುಳುಗಿದವು, ಕೊನೆಗೆ ಬಹುಪಾಲು ಪಾದ್ರಿಗಳು ಒಪ್ಪಿದರು. ಆ ಹೊತ್ತಿಗೆ ನಾಜಿ ಪಕ್ಷದ ಮಾರ್ಟಿನ್ ಬೋರ್ಮನ್ ತನ್ನ ಸುತ್ತೋಲೆಯಲ್ಲಿ, ಇದು ಚರ್ಚಿನ ಒಳವ್ಯವಹಾರವೆಂದೂ, ನಾಯಕ ಇಂತಹ ಪ್ರಮಾಣವನ್ನು ಕೇಳಿಯೇ ಇಲ್ಲವೆಂದೂ, ಪ್ರಮಾಣ ಮಾಡಿದ ಪಾದ್ರಿಗೂ ಮಾಡದವನಿಗೂ ಪಕ್ಷ ಭೇದವೆಣಿಸಬಾರದೆಂದೂ ತಿಳಿಸಿದ. ಸುತ್ತೋಲೆ ಬಯಲಾದಾಗ ಪ್ರಮಾಣ ಮಾಡಿದ್ದವರಿಗಾದ ಅವಮಾನ ಅಷ್ಟಿಷ್ಟಲ್ಲ. ಆ ಬಣದ ಪಾದ್ರಿ ಡೀಟ್ರಿಶ್ ಬೊನ್‌ಹೋಫರ್ ತಮ್ಮ ಚರ್ಚಿನ ನಾಯಕರ ಈ ನಡೆಯಿಂದ ತೀವ್ರವಾಗಿ ನೊಂದರು. ಸರ್ವಾಧಿಕಾರಕ್ಕೆ ಅಂತಃಸಾಕ್ಷಿಯ ಒಪ್ಪಿಗೆಯೇನೂ ಬೇಕಿರಲಿಲ್ಲ. ಅಂತಃಸಾಕ್ಷಿಯುಳ್ಳವರು ತಮ್ಮತಮ್ಮಲ್ಲೇ ಒಡೆದುಹೋದದ್ದು ಅದಕ್ಕೆ ಸಾಕಾಗಿತ್ತು.

ಒಡೆಯನೊಬ್ಬನಿಗೆ ಪ್ರಾಣವನ್ನೊತ್ತೆಯಿಡುವ ಪ್ರತಿಜ್ಞೆ ಕನ್ನಡ ಓದುಗರಿಗೆ ಅಪರಿಚಿತವಲ್ಲ. ವೇಳೆವಾಳಿಗಳು, ಲೆಂಕರು, ಗರುಡರು ಎಂದು ಶಾಸನಗಳು ಕರೆಯುವ ವೀರರು ದೊರೆಯೊಡನೆ ಸಾಯುವ ಭಾಷೆ ಕೊಟ್ಟವರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಸ್ತಂಭ ಇಮ್ಮಡಿ ಬಲ್ಲಾಳನ ದಂಡನಾಯಕ ಕುವರಲಕ್ಷ್ಮನದು. 1220ರ ಸುಮಾರಿನಲ್ಲಿ ದೊರೆ ತೀರಿಕೊಂಡಾಗ ಕುವರಲಕ್ಷ್ಮನೂ ಅವನ ಮಡದಿ ಸುಗ್ಗಲದೇವಿಯೂ ಲೆಂಕರೂ ಪ್ರಾಣ ಬಿಟ್ಟರೆಂದು ಅದರ ಶಾಸನ ಹೇಳುತ್ತದೆ, ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿರುವ ವೀರರ ಶಿಲ್ಪಗಳು ಸ್ತಂಭದ ಮೇಲಿವೆ. ಇಂದಿನ ಕಣ್ಣಿಗೆ ಆ ಸಾವುಗಳು ಸಂಕಟ ತರುತ್ತವೆ, ವಿಶೇಷವಾಗಿ ಸುಗ್ಗಲದೇವಿಯ ಸಾವು. ಅದನ್ನು ವೈಭವೀಕರಿಸುವ ಅಗತ್ಯವಿಲ್ಲ. ಆದರೆ ಆ ವ್ಯವಸ್ಥೆಯಲ್ಲಿ ಭಾಷೆ ಕೊಡುವವನು ತಾನಾಗಿ ಕೊಡುತ್ತಿದ್ದ, ದೊರೆ ಅವನನ್ನು ಮಗನಂತೆ ಸಾಕಿ ಋಣಬದ್ಧನಾಗಿಸಿದ್ದ, ಪ್ರತಿಜ್ಞೆಯ ಭಾರ ಬೀಳುತ್ತಿದ್ದದ್ದು ಅವನ ಮತ್ತು ಅವನ ಪರಿವಾರದ ಮೇಲೆ. ಹಿಟ್ಲರನ ಪ್ರಮಾಣ ಹಳೆಯ ವೀರನಿಷ್ಠೆಯ ಭಾಷೆಯನ್ನು ಎರವಲು ಪಡೆದು, ಅದನ್ನು ಕಡ್ಡಾಯ ಸೈನ್ಯಸೇವೆಗೆ ಎಳೆತಂದ ಕೂಲಿಕಾರ, ಗುಮಾಸ್ತ, ರೈತನ ಮಗನ ಬಾಯಲ್ಲಿ ಹೇಳಿಸಿತು. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1.7 ಕೋಟಿ ಗಂಡಸರು ಆ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದರು. ಅವರ ಸಾವಿನ ಜೊತೆ ಅವರು ಕೊಂದವರ ಸಾವೂ ಆ ಮಾತಿನ ಲೆಕ್ಕಕ್ಕೆ ಸೇರಿತು.

ಅನ್ನದ ಋಣ ಮಾತ್ರ ಇಲ್ಲಿಯೂ ಇತ್ತು, ಮೇಲಿನವರಿಗಷ್ಟೇ, ಗುಟ್ಟಾಗಿ. ಫೀಲ್ಡ್ ಮಾರ್ಷಲ್‌ಗಳಿಗೆ ಸಂಬಳದ ಹೊರತಾಗಿ ತಿಂಗಳಿಗೆ 4,000 ಮಾರ್ಕ್‌ಗಳನ್ನು ತೆರಿಗೆಯಿಲ್ಲದೆ ಹಿಟ್ಲರನ ನಿಧಿಯಿಂದ ಕೊಡಲಾಗುತ್ತಿತ್ತು. ವಿಲ್‌ಹೆಲ್ಮ್ ಫಾನ್ ಲೇಬ್‌ಗೆ 1941ರಲ್ಲಿ 65ನೆಯ ಹುಟ್ಟುಹಬ್ಬಕ್ಕೆ, ಗ್ಯುಂಟರ್ ಫಾನ್ ಕ್ಲೂಗೆಗೆ 1942ರಲ್ಲಿ 60ನೆಯ ಹುಟ್ಟುಹಬ್ಬಕ್ಕೆ ತಲಾ 2,50,000 ಮಾರ್ಕ್ ಸಂದವು. ಜನರಲ್ ಹೈನ್ಸ್ ಗುಡೇರಿಯನ್‌ಗೆ ಪೋಲೆಂಡಿನಿಂದ ಕಿತ್ತುಕೊಂಡ ನೆಲದಲ್ಲಿ ದೊಡ್ಡ ಜಮೀನೇ ಸಿಕ್ಕಿತು. ಕ್ಲೂಗೆಯ ಅಧೀನದಲ್ಲಿದ್ದ ಹೆನಿಂಗ್ ಫಾನ್ ಟ್ರೆಸ್ಕೋ ಅವನನ್ನು ಹಿಟ್ಲರನ ವಿರುದ್ಧದ ಸಂಚಿನ ಕಡೆಗೆ ಎಳೆಯಲು ಬಹುಕಾಲ ಯತ್ನಿಸಿದರು; ಕ್ಲೂಗೆ ಒಪ್ಪುತ್ತ ಹಿಂಜರಿಯುತ್ತ ಉಳಿದ. ಯುದ್ಧದ ನಂತರ ಬಂದ ಸೇನಾನಿಗಳ ಆತ್ಮಕಥೆಗಳು ತಮ್ಮನ್ನು ಕಟ್ಟಿಹಾಕಿದ್ದು ಪ್ರಮಾಣವೆಂದು ಪುಟಗಟ್ಟಲೆ ಹೇಳುತ್ತವೆ, ಈ ಹಣದ ವಿಷಯದಲ್ಲಿ ಮೌನವಾಗಿರುತ್ತವೆ. ಹೀಗೆಂದು ಪ್ರಮಾಣದ ತೊಳಲಾಟವೆಲ್ಲ ನೆಪವೆಂದು ತಳ್ಳಿಹಾಕುವುದು ತಪ್ಪಾದೀತು. ನಿಜವಾಗಿ ತೊಳಲಿದವರೂ ಇದ್ದರು, ಅವರ ತೊಳಲಾಟವೇ ಇತರರ ನೆಪಕ್ಕೆ ಗೌರವದ ಹೊದಿಕೆಯಾಯಿತು.

1944ರ ಜುಲೈ 20ರಂದು ಹಿಟ್ಲರನನ್ನು ಕೊಲ್ಲಲು ನಡೆದ ಯತ್ನವನ್ನು ಈ ದೃಷ್ಟಿಯಿಂದ ನೋಡಬೇಕು. ಸಂವಿಧಾನಕ್ಕೆ ಪ್ರಮಾಣ ಮಾಡಿದ ಸೈನ್ಯ, ಸಂವಿಧಾನವನ್ನು ಮುರಿದ ಆಳುವವನನ್ನು ಬಂಧಿಸಿ ನ್ಯಾಯಾಲಯಕ್ಕೊಪ್ಪಿಸಿದರೂ ಪ್ರಮಾಣಕ್ಕೆ ನಿಷ್ಠವಾಗಿಯೇ ಉಳಿಯಬಲ್ಲದು. ವ್ಯಕ್ತಿಗೆ ಪ್ರಮಾಣ ಮಾಡಿದ ಸೈನ್ಯಕ್ಕೆ ಆ ದಾರಿಯಿಲ್ಲ. ಅವನು ಬದುಕಿರುವಷ್ಟು ದಿನ ಪ್ರಮಾಣವೂ ಬದುಕಿರುತ್ತದೆ. ಸಂಚುಗಾರರಲ್ಲಿ ಕೆಲವರು ಕೊಲೆಗೆ ಹಿಂಜರಿದು ಬಂಧನವೇ ಸಾಕೆಂದಾಗ, ಅಧಿಕಾರಿಗಳೂ ಸೈನಿಕರೂ ತಮ್ಮ ಕಡೆ ಬರಬೇಕಾದರೆ ಅವರು ಮೊದಲು ಪ್ರಮಾಣಮುಕ್ತರಾಗಬೇಕೆಂಬ ವಾದವೇ ಮೇಲಾಯಿತು. ಸಂಚುಗಾರರಲ್ಲೊಬ್ಬರಾದ ಸೇನಾಧಿಕಾರಿ ಕ್ಲೌಸ್ ಫಾನ್ ಶ್ಟಾಫೆನ್‌ಬೆರ್ಗ್ ಹಿಟ್ಲರನ ಸಮಾಲೋಚನಾ ಕೊಠಡಿಯಲ್ಲಿಟ್ಟ ಬಾಂಬ್ ಆ ಬಂಧನವನ್ನು ಕತ್ತರಿಸಬೇಕಿತ್ತು. ಬಾಂಬ್ ಸಿಡಿಯಿತು, ಹಿಟ್ಲರ್ ಉಳಿದ. ಬರ್ಲಿನ್ನಿನಲ್ಲಿ ಕಾವಲು ಪಡೆಯ ಮೇಜರ್ ಓಟ್ಟೊ ಎರ್ನ್ಸ್ಟ್ ರೇಮರ್, ನಾಯಕ ಸತ್ತಿದ್ದಾನೆಂಬ ನಂಬಿಕೆಯಿಂದ ಸಂಚುಗಾರರ ಆಜ್ಞೆಯಂತೆ ಸರಕಾರಿ ಕಟ್ಟಡಗಳನ್ನು ಸುತ್ತುವರಿದಿದ್ದ. ಸಂಜೆ ಆತ ಪ್ರಚಾರಮಂತ್ರಿ ಗೋಬೆಲ್ಸ್‌ನ ಬಳಿಗೆ ಹೋದಾಗ, ಗೋಬೆಲ್ಸ್ ಅವನ ಪ್ರಮಾಣವನ್ನು ನೆನಪಿಸಿ, ದೂರವಾಣಿಯಲ್ಲಿ ಹಿಟ್ಲರನನ್ನು ಕರೆದು, ಕಿವಿಗೊತ್ತುವ ಭಾಗವನ್ನು ಅವನ ಕೈಗಿತ್ತ. ತನ್ನ ಧ್ವನಿಯನ್ನು ಗುರುತಿಸುತ್ತೀಯಾ ಎಂದು ಹಿಟ್ಲರ್ ಕೇಳಿದ, ರೇಮರ್ ಗುರುತಿಸಿದ. ಅಲ್ಲಿಂದ ಮುಂದೆ ಅದೇ ಪಡೆ ಸಂಚುಗಾರರ ಮೇಲೆ ತಿರುಗಿತು. ಕಾನೂನು, ನ್ಯಾಯಾಲಯ, ಸಂವಿಧಾನ ಯಾವುದೂ ಆ ಸಂಜೆಯ ನಿರ್ಣಯದೊಳಗೆ ಬರಲಿಲ್ಲ. ಒಂದು ಗಂಟಲು ಬದುಕಿದೆಯೇ ಎಂಬುದೊಂದೇ ಪ್ರಶ್ನೆಯಾಗಿತ್ತು. ಆ ರಾತ್ರಿ ಶ್ಟಾಫೆನ್‌ಬೆರ್ಗ್‌ರನ್ನು ಸೇನಾಕಚೇರಿಯ ಅಂಗಳದಲ್ಲಿ ಗುಂಡಿಕ್ಕಿ ಕೊಂದರು. ಬೆಕ್ ಕೂಡ ಅಂದೇ ಸತ್ತರು.

ಸೇನಾನಿಗಳಿಗೆ ಇಷ್ಟೆಲ್ಲ ತೊಡಕಾಗಿ ಕಂಡದ್ದನ್ನು ಕೆಲವು ಸಾಮಾನ್ಯರು ಸರಳವಾಗಿ ಬಿಡಿಸಿದರು. ಆಸ್ಟ್ರಿಯದ ಪಾದ್ರಿ ಫ್ರಾಂಜ್ ರೈನಿಶ್ ಜರ್ಮನ್ ಜನತೆಗಾದರೆ ಪ್ರಮಾಣ ಮಾಡುವುದಾಗಿಯೂ ಹಿಟ್ಲರನಿಗೆ ಮಾಡಲಾರೆನೆಂದೂ ಹೇಳಿ, 1942ರ ಆಗಸ್ಟ್‌ನಲ್ಲಿ ಬ್ರಾಂಡೆನ್‌ಬುರ್ಗ್ ಸೆರೆಮನೆಯಲ್ಲಿ ಶಿರಚ್ಛೇದಕ್ಕೆ ಒಳಗಾದರು. ಇಟಲಿಯ ಉತ್ತರದ ಬೊಲ್ಜಾನೊದಲ್ಲಿ ಕ್ಯಾಥಲಿಕ್ ಯುವಜನರ ಸಂಘಟಕರಾಗಿದ್ದ ಯೋಸೆಫ್ ಮೈರ್-ನುಸ್ಸರ್ ಅವರನ್ನು 1944ರಲ್ಲಿ ಬಲವಂತವಾಗಿ ಎಸ್.ಎಸ್. ಪಡೆಗೆ ಸೇರಿಸಿ ಪ್ರಷ್ಯದ ಕೋನಿಟ್ಸ್‌ಗೆ ತರಬೇತಿಗೆ ಕಳುಹಿಸಲಾಯಿತು. ಅಕ್ಟೋಬರ್ 4ರಂದು, ಮರುದಿನದ ಪ್ರಮಾಣದ ವಿಷಯವನ್ನು ತರಬೇತಿ ಅಧಿಕಾರಿ ವಿವರಿಸುತ್ತಿದ್ದಾಗ, ಅವರು ಕೈಯೆತ್ತಿ, ದೇವರ ಹೆಸರಿನಲ್ಲಿ ಹಿಟ್ಲರನಿಗೆ ಪ್ರಮಾಣ ಮಾಡಲಾರೆನೆಂದು ತಿಳಿಸಿದರು. ಬರಹದಲ್ಲಿ ಕೊಡಬೇಕೆಂದಾಗ ಬರೆದೂ ಕೊಟ್ಟರು. ಜೊತೆಗಾರರು ಹಿಂತೆಗೆದುಕೊಳ್ಳುವಂತೆ ಒತ್ತಾಯಿಸಿದರೂ ಒಪ್ಪಲಿಲ್ಲ. ಊರಿನಲ್ಲಿ ಹೆಂಡತಿಯೂ ಎಳೆಯ ಮಗನೂ ಇದ್ದರು. ಡಾಖಾವ್ ಶಿಬಿರಕ್ಕೆ ಸಾಗಿಸುತ್ತಿದ್ದಾಗ, 1945ರ ಫೆಬ್ರುವರಿ 24ರಂದು, ಎರ್ಲಾಂಗೆನ್‌ನಲ್ಲಿ ನಿಂತಿದ್ದ ರೈಲಿನಲ್ಲಿ, ಹಸಿವು ಮತ್ತು ರೋಗದಿಂದ ಅವರು ತೀರಿಕೊಂಡರು. ದೇವರನ್ನು ಸಾಕ್ಷಿಗೆ ಕರೆಯುವ ವಾಕ್ಯವನ್ನು ನಿಜವಾಗಿ ದೇವರಿಗೆ ಹೇಳುವ ಮಾತೆಂದೇ ತೆಗೆದುಕೊಂಡವರಿಗೆ, ಆ ಪ್ರಮಾಣ ಹೇಳಲು ಸಾಧ್ಯವಾಗದ್ದಾಗಿತ್ತು.

ಭಾರತೀಯರೂ ಈ ಪ್ರಮಾಣಕ್ಕೆ ಹೊರತಾಗಲಿಲ್ಲ. ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಬ್ರಿಟಿಷ್ ಭಾರತೀಯ ಸೈನಿಕರಿಂದ ಸುಭಾಷ್‌ಚಂದ್ರ ಬೋಸ್ ಜರ್ಮನಿಯಲ್ಲಿ ಕಟ್ಟಿದ ಪಡೆಯ ಸೈನಿಕರು 1942ರಲ್ಲಿ ಹಿಟ್ಲರನ ಹೆಸರಿಗೇ ವಿಧೇಯತೆಯ ಪ್ರಮಾಣ ಮಾಡಿದರು. ಆದರೆ ಅವರ ಪಾಠದಲ್ಲಿ, ಬೋಸ್ ನಾಯಕರಾಗಿರುವ ಭಾರತದ ಸ್ವಾತಂತ್ರ್ಯದ ಹೋರಾಟದಲ್ಲಿ ಎಂಬ ಮಾತು ಸೇರಿತ್ತು. ಬಾನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟ್ ಅವರಿಗೆ ಸಿಗದ ಎಲ್ಲೆಯ ವಾಕ್ಯ ಈ ಪಡೆಗೆ ಸಿಕ್ಕಿತು, ಕಾಗದದ ಮೇಲಾದರೂ. ಮೊದಲು ಬ್ರಿಟನ್ನಿನ ದೊರೆಗೆ, ಆಮೇಲೆ ಹಿಟ್ಲರನಿಗೆ ಮಾತು ಕೊಟ್ಟ ಆ ಸೈನಿಕರ ಮನಸ್ಸಿನಲ್ಲಿ ನಡೆದಿರಬಹುದಾದ ಸಂಘರ್ಷಕ್ಕೆ ಭಾರತೀಯ ಬರವಣಿಗೆಯಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. 1944ರಲ್ಲಿ ಅವರ ಪಡೆಯನ್ನು ಎಸ್.ಎಸ್.ನ ಅಧೀನಕ್ಕೆ ಒಪ್ಪಿಸುವ ಹೊತ್ತಿಗೆ ಬೋಸ್ ಜರ್ಮನಿ ಬಿಟ್ಟು ಒಂದು ವರ್ಷ ದಾಟಿತ್ತು.

1945ರ ಏಪ್ರಿಲ್ 30ರಂದು ಹಿಟ್ಲರ್ ಆತ್ಮಹತ್ಯೆ ಮಾಡಿಕೊಂಡ. ಕೈಸರ್‌ನಂತೆ ಯಾರನ್ನೂ ಪ್ರಮಾಣದಿಂದ ಬಿಡಿಸಲಿಲ್ಲ. ಬರ್ಲಿನ್ನಿನ ರಕ್ಷಣೆಯ ಹೊಣೆ ಹೊತ್ತಿದ್ದ ಜನರಲ್ ವೈಡ್ಲಿಂಗ್ ಮೇ 2ರಂದು ಶರಣಾಗತಿಯ ಆಜ್ಞೆ ಹೊರಡಿಸುತ್ತ, ನಿಷ್ಠೆಯ ಪ್ರಮಾಣ ಮಾಡಿದ್ದವರನ್ನು ನಾಯಕ ತನ್ನ ಸಾವಿನಿಂದ ನಡುನೀರಿನಲ್ಲಿ ಕೈಬಿಟ್ಟನೆಂದು ಹೇಳಿದ. ಉತ್ತರದಲ್ಲಿ, ಹಿಟ್ಲರನ ಉತ್ತರಾಧಿಕಾರಿಯಾಗಿ ಹೆಸರಿಸಲ್ಪಟ್ಟಿದ್ದ ಅಡ್ಮಿರಲ್ ಡ್ಯೋನಿಟ್ಸ್ ತನ್ನ ದಿನದಾಜ್ಞೆಯಲ್ಲಿ, ಸೈನಿಕರು ಹಿಟ್ಲರನಿಗೆ ಮಾಡಿದ್ದ ಪ್ರಮಾಣ ಇನ್ನು ತನಗೆ ಸಲ್ಲುತ್ತದೆಂದು ಘೋಷಿಸಿದ. ಹೆಸರು ಹಿಡಿದು ಒಬ್ಬನಿಗೆ ಬಿಗಿದ ಮಾತು ಅವನೊಡನೆ ಮುಗಿಯಿತೆನ್ನುವವನೂ, ಅದು ಆಸ್ತಿಯಂತೆ ಕೈಬದಲಾಗುತ್ತದೆನ್ನುವವನೂ ಒಂದೇ ಸೈನ್ಯದವರು, ಒಂದೇ ವಾರದಲ್ಲಿ ಮಾತಾಡಿದವರು.

ಆ ಪ್ರಮಾಣಕ್ಕೆ ಕಾನೂನಿನ ಉತ್ತರ ಬಂದದ್ದು 1952ರ ಮಾರ್ಚ್‌ನಲ್ಲಿ, ಬ್ರೌನ್‌ಶ್ವೈಗ್ ನಗರದ ನ್ಯಾಯಾಲಯದಲ್ಲಿ. ಮೇಜರ್ ರೇಮರ್ ಅಷ್ಟರಲ್ಲಿ ಹೊಸ ಬಲಪಂಥೀಯ ಪಕ್ಷವೊಂದರ ಭಾಷಣಕಾರನಾಗಿ, ಜುಲೈ 20ರವರು ವಿದೇಶದಿಂದ ಹಣ ಪಡೆದ ದ್ರೋಹಿಗಳೆಂದು ಸಭೆಯಲ್ಲಿ ಹೇಳಿದ್ದ. ಅವನ ಮೇಲೆ ಮಾನಹಾನಿಯ ಮೊಕದ್ದಮೆ ನಡೆಸಿದ ಅಭಿಯೋಜಕ ಫ್ರಿಟ್ಜ್ ಬಾವರ್ ಯಹೂದಿ ಮನೆತನದವರು. 1933ರಲ್ಲಿ ಸೆರೆಶಿಬಿರ ಕಂಡು, ಡೆನ್ಮಾರ್ಕ್ ಮತ್ತು ಸ್ವೀಡನ್ನಿನಲ್ಲಿ ದೇಶಭ್ರಷ್ಟರಾಗಿ ಬದುಕಿ, 1949ರಲ್ಲಿ ಹಿಂದಿರುಗಿದವರು. ಶ್ಟಾಫೆನ್‌ಬೆರ್ಗ್ ಓದಿದ ಶ್ಟುಟ್‌ಗಾರ್ಟಿನ ಶಾಲೆಯಲ್ಲೇ ಓದಿದವರು. ಒಬ್ಬ ಮಾನಹಾನಿಕಾರನಿಗೆ ಶಿಕ್ಷೆ ಕೊಡಿಸುವುದಕ್ಕಿಂತ ದೊಡ್ಡದೊಂದನ್ನು ಅವರು ಆ ಮೊಕದ್ದಮೆಯಿಂದ ಬಯಸಿದ್ದರು. ಪ್ರೊಟೆಸ್ಟೆಂಟ್ ಮತ್ತು ಕ್ಯಾಥಲಿಕ್ ಎರಡೂ ಪಂಥಗಳ ದೇವಶಾಸ್ತ್ರಜ್ಞರನ್ನು ತಜ್ಞರಾಗಿ ಕರೆಸಿ, ಷರತ್ತಿಲ್ಲದ ವಿಧೇಯತೆಯನ್ನು ದೇವರಿಗಲ್ಲದೆ ಮನುಷ್ಯನಿಗೆ ಒಪ್ಪಿಸುವ ಪ್ರಮಾಣ ಯಾರನ್ನೂ ಕಟ್ಟಿಹಾಕಲಾರದೆಂದು ನ್ಯಾಯಾಲಯದ ಎದುರು ಹೇಳಿಸಿದರು. ಅಂತಹ ಪ್ರಮಾಣ ನೀತಿಗೆ ವಿರುದ್ಧವಾದ್ದರಿಂದ ಕಾನೂನಿನಲ್ಲೂ ಶೂನ್ಯವೆಂದು ತಾವೂ ವಾದಿಸಿದರು. ಮಧ್ಯಯುಗದ ನಿಷ್ಠೆಯನ್ನು ಹೊಗಳುತ್ತಿದ್ದವರಿಗೆ ಮಧ್ಯಯುಗದಿಂದಲೇ ಉತ್ತರ ತಂದರು: ಹದಿಮೂರನೆಯ ಶತಮಾನದ ಜರ್ಮನ್ ನ್ಯಾಯಸಂಹಿತೆಯಾದ ಸಾಕ್ಸೆನ್‌ಶ್ಪೀಗೆಲ್, ದೊರೆ ಅನ್ಯಾಯ ಮಾಡಿದಾಗ ಅವನನ್ನು ಎದುರಿಸಿದವನು ನಿಷ್ಠೆಗೆ ತಪ್ಪಿದವನಾಗುವುದಿಲ್ಲವೆಂದು ವಿಧಿಸಿತ್ತು. ನ್ಯಾಯಾಲಯ ಹಿಟ್ಲರನ ರಾಜ್ಯವನ್ನು ನ್ಯಾಯಹೀನ ರಾಜ್ಯವೆಂದು ಒಪ್ಪಿ, ಸಂಚುಗಾರರು ದ್ರೋಹಿಗಳಲ್ಲವೆಂದು ಹೇಳಿ, ರೇಮರ್‌ಗೆ ಮೂರು ತಿಂಗಳ ಸೆರೆವಾಸ ವಿಧಿಸಿತು. ಅವನು ಅದನ್ನು ಅನುಭವಿಸದೆ ದೇಶ ಬಿಟ್ಟು ಓಡಿದ. ಶಿಕ್ಷೆ ಸಣ್ಣದಾಗಿತ್ತೆಂಬ ಅಸಮಾಧಾನ ಸಹಜವಾದರೂ, ಗಂಡಂದಿರನ್ನೂ ತಂದೆಯರನ್ನೂ ಕಳೆದುಕೊಂಡು ದ್ರೋಹಿಗಳ ಮನೆಯವರೆಂಬ ನಿಂದೆ ಹೊತ್ತಿದ್ದ ಕುಟುಂಬಗಳಿಗೆ ಆ ತೀರ್ಪು ಕೊಟ್ಟದ್ದು ಸಣ್ಣದಲ್ಲ.

ಪಶ್ಚಿಮ ಜರ್ಮನಿ ಮತ್ತೆ ಸೈನ್ಯ ಕಟ್ಟಿದಾಗ ಅದರ 1956ರ ಸೈನಿಕರ ಕಾನೂನು ಈ ಅನುಭವವನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ವೃತ್ತಿಪರ ಸೈನಿಕರು ಗಣರಾಜ್ಯಕ್ಕೆ ನಿಷ್ಠೆಯಿಂದ ಸೇವೆ ಸಲ್ಲಿಸುವ, ಜರ್ಮನ್ ಜನತೆಯ ಹಕ್ಕನ್ನೂ ಸ್ವಾತಂತ್ರ್ಯವನ್ನೂ ಕಾಪಾಡುವ ಪ್ರಮಾಣ ಮಾಡುತ್ತಾರೆ. ಅದರಲ್ಲಿ ಯಾರ ಹೆಸರೂ ಇಲ್ಲ, ವಿಧೇಯತೆಯ ಪ್ರಸ್ತಾಪವೂ ಇಲ್ಲ. ಕಡ್ಡಾಯ ಸೇವೆಗೆ ಬಂದವರಿಂದ ಪ್ರಮಾಣವನ್ನೇ ಮಾಡಿಸದೆ ಗಂಭೀರವಾದ ವಚನವನ್ನು ಮಾತ್ರ ಪಡೆಯುವ ಏರ್ಪಾಡಾಯಿತು. ವಿಧೇಯತೆಯ ವಿಷಯವನ್ನು ಬೇರೊಂದು ಕಲಮಿನಲ್ಲಿ ಇಟ್ಟು, ಮನುಷ್ಯನ ಘನತೆಗೆ ಕುಂದು ತರುವ ಆಜ್ಞೆಯನ್ನು ಪಾಲಿಸದಿದ್ದರೆ ಅದು ಅವಿಧೇಯತೆಯಾಗದೆಂದೂ, ಪಾಲಿಸಿದರೆ ಅಪರಾಧವಾಗುವ ಆಜ್ಞೆಯನ್ನು ಸೈನಿಕ ಪಾಲಿಸಲೇಕೂಡದೆಂದೂ ಆ ಕಾನೂನು ವಿಧಿಸಿದೆ.